ಪಾಳು ಗುತ್ತುಮನೆಯ ಫೋಟೋ: ಟ್ರೈಪಾಡೋ, ಅಕ್ಕಿಚೀಲವೋ?

ಗುತ್ತುಮನೆ, ಅಂದರೆ ತುಳುನಾಡಿನ ಜಮೀನ್ದಾರ ಮನೆತನದ ಹಳೆ ದೊಡ್ಡ ಮನೆಯಲ್ಲಿ ಕ್ಯಾಮೆರಾ ಅಲುಗದಂತೆ ಕೂರಿಸಲು ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಕ್ಕಿಚೀಲಕ್ಕೆ. ಒಂದು ಕಿಲೋ ಕುಚ್ಚಲಕ್ಕಿ, ದಪ್ಪ ಬಟ್ಟೆ, ಎರಡು ಸುತ್ತು ಹೊಲಿಗೆ. 1,800 ರೂಪಾಯಿಯ ಅಲ್ಯೂಮಿನಿಯಂ ಟ್ರೈಪಾಡ್ ಈಗ ಅಟ್ಟದಲ್ಲಿದೆ.

ಟ್ರೈಪಾಡ್ ಕೈಕೊಡುವುದು ಉಪ್ಪರಿಗೆಯಲ್ಲಿ. ಕಾಸರಗೋಡು ಕಡೆಯ ಹಳೆ ಮನೆಗಳ ಒಳಗೆ ಕತ್ತಲೆ; ಐಎಸ್‌ಒ 100, ಎಫ್ 8 (ಬೆಳಕಿಗೆ ಸೆನ್ಸರಿನ ಸ್ಪಂದನೆ ಕಡಿಮೆ, ಲೆನ್ಸಿನ ಕಿಂಡಿ ಸಣ್ಣದು) ಇಟ್ಟರೆ ಶಟರ್ ಎರಡರಿಂದ ಎಂಟು ಸೆಕೆಂಡ್ ತೆರೆದಿರಬೇಕು. ಮೇಲಿನ ನೆಲವೋ ಜಂತಿಯ ಮೇಲೆ ಹಾಸಿದ ಹಲಗೆ. ನಿಂತಲ್ಲೇ ಕಾಲು ಬದಲಿಸಿದರೂ ಹಲಗೆ ಬಾಗುತ್ತದೆ, ಅದರೊಂದಿಗೆ ಟ್ರೈಪಾಡೂ ವಾಲುತ್ತದೆ. ಎರಡು ಸೆಕೆಂಡಿನ ಟೈಮರ್ ತಪ್ಪಿಸುವುದು ಬೆರಳಿನ ಅಲುಗಾಟವನ್ನು, ನೆಲದ್ದನ್ನಲ್ಲ. ಹೊರಗಿನ ಬಿಸಿಲೂ ಒಳಗಿನ ಕತ್ತಲೆಯೂ ಸಿಗಲೆಂದು ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಅಂತರದಲ್ಲಿ ಮೂರು ಫೋಟೋ ತೆಗೆದು ಸೇರಿಸಿದರೆ, ಕಿಟಕಿಯ ಒಂದೊಂದು ದಳಿಯೂ ಎರಡೆರಡಾಗಿ ಕಾಣುತ್ತದೆ.

ದಾರಿ ಇಲ್ಲವೆಂದಲ್ಲ. ಹಲಗೆಯಲ್ಲಿ ಮೊಳೆಗಳ ಸಾಲು ಇದ್ದಲ್ಲಿ ಅದರಡಿಯಲ್ಲಿ ಜಂತಿ ಇರುತ್ತದೆ. ಟ್ರೈಪಾಡಿನ ಎರಡು ಕಾಲು ಒಂದು ಸಾಲಿನ ಮೇಲೆ, ಮೂರನೆಯದು ಪಕ್ಕದ ಸಾಲಿನ ಮೇಲೆ. ಟೈಮರ್ ಹತ್ತು ಸೆಕೆಂಡ್. ನೀವು ಗೋಡೆ ಬದಿಗೆ ಸರಿದು ಸುಮ್ಮನೆ ನಿಲ್ಲಿ. ಹತ್ತುವ ಮೊದಲು ಕೆಳಗಿನಿಂದ ಟಾರ್ಚ್ ಬಿಟ್ಟು, ಜಂತಿ ಗೋಡೆಯೊಳಗೆ ಹೋಗುವ ತುದಿ ನೋಡಿ. ಅಲ್ಲಿ ಗೆದ್ದಲಿನ ಮಣ್ಣಿದ್ದರೆ ಉಪ್ಪರಿಗೆಯ ಆಸೆ ಬಿಡಿ.

ಇಷ್ಟೆಲ್ಲ ತಾಪತ್ರಯ ಅಕ್ಕಿಚೀಲಕ್ಕಿಲ್ಲ. ಕಿಟಕಿಯ ದಂಡೆ ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಯದ್ದು, ನೆಲ ಅಲ್ಲಾಡಿದರೂ ಅದು ಅಲ್ಲಾಡದು. ಚೀಲ ಮುಕ್ಕಾಲು ಮಾತ್ರ ತುಂಬಿಸಿ. ಪೂರ್ತಿ ತುಂಬಿದರೆ ಚೆಂಡಿನಂತೆ ಉರುಳುತ್ತದೆ, ಲೆನ್ಸ್ ಕೂರುವಷ್ಟು ಕುಳಿ ಬೀಳುವುದಿಲ್ಲ. ಅಂಗಳಕ್ಕೆ ಬಿದ್ದ ಹಂಚಿನ ಅಚ್ಚಿನ ಅಕ್ಷರ ತೆಗೆಯಲು ಚೀಲವನ್ನು ನೆಲಕ್ಕೇ ಇಟ್ಟು, ಬೆಳಗಿನ ಓರೆ ಬಿಸಿಲಲ್ಲಿ ಕ್ಲಿಕ್ ಮಾಡಿ. (ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಮಾಡಿದ ಹಂಚಿನಲ್ಲಿ 1865 ಎಂದಿದ್ದರೆ ಅದು ಮಂಗಳೂರಿನ ಕಾರ್ಖಾನೆ ಶುರುವಾದ ವರ್ಷ. ಮನೆಯ ವಯಸ್ಸೆಂದು ಅಡಿಬರಹ ಹಾಕಬೇಡಿ.)

ಬಗ್ಗುವ ಕಾಲಿನ ಪುಟ್ಟ ಸ್ಟ್ಯಾಂಡ್? ಕಂಬಕ್ಕೆ ಸುತ್ತಿದರೆ ಕ್ಯಾಮೆರಾ ಭಾರಕ್ಕೆ ಮೆಲ್ಲಗೆ ಜಗ್ಗುತ್ತದೆ. ಮೊಬೈಲಿಗಾದರೆ ಸರಿ.

ಯಾವುದನ್ನು ಒಯ್ದರೂ ಮನೆಯವರನ್ನು ಕೇಳದೆ ಒಳಹೋಗಬೇಡಿ. ಮಾಡು ಕುಸಿದಿದ್ದರೂ ದೈವದ ಕೋಣೆಗೆ ದೀಪ ಇಡುವವರು ಇರುತ್ತಾರೆ. ಆ ಬಾಗಿಲ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಅಂಗಳದಿಂದ ಇಡೀ ಮುಂಭಾಗ ಬೇಕೆಂದರೆ ಮಾತ್ರ ಟ್ರೈಪಾಡೇ ಆಗಬೇಕು, ಚೀಲಕ್ಕೆ ಎತ್ತರವಿಲ್ಲ. ಬದಿಯಡ್ಕದಲ್ಲಿ ಬಸ್ಸಿಳಿದು ಗುಡ್ಡ ಹತ್ತುವ ನನ್ನಂಥವರು ಆ ಒಂದು ಫೋಟೋಗಾಗಿ ಅದನ್ನು ಹೊರುವುದಿಲ್ಲ. ಮಳೆಗಾಲದಲ್ಲಿ ಅಕ್ಕಿಗೆ ಹುಳ ಹಿಡಿಯುತ್ತದೆ, ಆಗ ಹುಣಸೆಬೀಜ ತುಂಬಿಸಿ.