ಕುದುರೆ ಮುಖ ತಿರುಗಿಸಿದ್ದಕ್ಕೆ ನನ್ನ ಮಗಳನ್ನು ದೂರಿದರು

ಮಕ್ಕಳಿಗೆ ‘ಕುದುರೆ ಥೆರಪಿ’, ಅಂದರೆ ಕುದುರೆಯ ಒಡನಾಟದಿಂದ ಮನಸ್ಸಿಗೆ ಚಿಕಿತ್ಸೆ, ಕೊಡಿಸಬೇಕು ಅಂತ ಯೋಚಿಸುತ್ತಿರುವ ಕಲಬುರಗಿಯ ತಂದೆ-ತಾಯಂದಿರು ದಯವಿಟ್ಟು ಹಣ ಕಟ್ಟುವ ಮುಂಚೆ ಇದನ್ನು ಓದಿ. ಕೇಂದ್ರದ ಹೆಸರು ಬರೆಯುವುದಿಲ್ಲ, ನಡೆದದ್ದನ್ನು ಹೇಳುತ್ತೇನೆ.

ಹೋದ ವರ್ಷ ಯುಗಾದಿಗೆ ಮುಂಚೆ ನಮ್ಮ ಅತ್ತೆ ತೀರಿಕೊಂಡರು. ಮಗಳು ಹುಟ್ಟಿದಾಗಿನಿಂದ ಆಯಿಯ, ಅಂದರೆ ಅಜ್ಜಿಯ, ಮಗ್ಗುಲಲ್ಲೇ ಮಲಗಿದವಳು. ಹದಿಮೂರು ವರ್ಷದ ಹುಡುಗಿ ಊಟ ಬಿಟ್ಟಳು, ಶಾಲೆ ಬಿಟ್ಟಳು, ಕೊನೆಗೆ ಮಾತೂ ಬಿಟ್ಟಳು. ಮನೋವೈದ್ಯರು ಗುಳಿಗೆ ಬರೆದುಕೊಟ್ಟು ವಾರಕ್ಕೊಮ್ಮೆ ಕೌನ್ಸೆಲಿಂಗ್‌ಗೆ ಕರೆದಿದ್ದರು. ನಿಧಾನಕ್ಕೆ ಸುಧಾರಿಸುತ್ತಿದ್ದಳು, ನನಗೇ ತಡೆಯಲಿಲ್ಲ. ಅಷ್ಟರಲ್ಲಿ ಪರಿಚಯದವರೊಬ್ಬರು ವಾಟ್ಸಾಪ್‌ನಲ್ಲಿ ಆ ಕೇಂದ್ರದ ಒಂದು ವಿಡಿಯೋ ಕಳಿಸಿದರು: ಬಿಳಿ ಕುದುರೆ, ಅದರ ಕೊರಳು ತಬ್ಬಿಕೊಂಡ ಹುಡುಗಿ. ನಾವು ಮೈಲಾರಲಿಂಗನ ಒಕ್ಕಲು, ಸಂಕ್ರಾಂತಿಗೆ ಮೈಲಾಪುರಕ್ಕೆ ಹೋಗಿ ‘ಏಳ್ಕೋಟಿ’ ಅಂದು ಬರುವವರು. ನಮ್ಮ ದೇವರ ವಾಹನವೇ ಬಿಳಿ ಕುದುರೆ, ಅದನ್ನು ಕಂಡಕೂಡಲೇ ಕೈ ತಾನಾಗೇ ಮುಗಿಯಿತು. ಹನ್ನೆರಡು ಸೆಷನ್‌ಗೆ 18,000 ರೂಪಾಯಿ, ಪೂರ್ತಿ ಮುಂಗಡ. ಕಟ್ಟಿಬಿಟ್ಟೆ.

ಮೊದಲ ದಿನ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಫೋಟೊ ತೋರಿಸಿದರು. ಪೋಲಿಯೋ ಆದ ಹೆಣ್ಣುಮಗಳು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದವಳು. ‘ಆಕಿನ್ನ ಕುದುರಿನೇ ಆರಾಮ ಮಾಡ್ತು’ ಅಂದರು. 1944ರಲ್ಲಿ ಪೋಲಿಯೋ ಬರುವ ಮುಂಚೆಯೇ ಆಕೆ ಪಳಗಿದ ಸವಾರಳಾಗಿದ್ದಳು, ಬೆಳ್ಳಿ ಗೆದ್ದಾಗಲೂ ಮೊಣಕಾಲ ಕೆಳಗೆ ಶಕ್ತಿ ಇರಲಿಲ್ಲ ಅನ್ನುವುದನ್ನು ನಾನು ಆಮೇಲೆ ಓದಿಕೊಂಡೆ. ಅವತ್ತೇ ಇನ್ನೊಂದು ಮಾತು ಹೇಳಿದರು: ‘ಗುಳಿಗಿ ನಿಲ್ಲಸ್ರಿ ಅಕ್ಕಾರ. ಗುಳಿಗಿ ತಗೊಂಡ್ರ ಕುದುರಿಗಿ ಮಕ್ಕಳ ಮನಸ್ಸು ತಿಳಿಯಂಗಿಲ್ಲ.’ ನಾನು ನಿಲ್ಲಿಸಿದೆ. ಆ ತಪ್ಪು ನನ್ನದೇ. ನಾಲ್ಕೇ ದಿನಕ್ಕೆ ಅವಳ ನಿದ್ದೆ ಹೋಯಿತು.

ಮೂರನೇ ಸೆಷನ್. ಮೇ ತಿಂಗಳು, ಬೆಳಗಿನ ಹತ್ತು ಗಂಟೆಗೇ ತಗಡಿನ ಶೆಡ್ಡು ಕಾದಿತ್ತು. ಬಕೆಟ್ಟಿನಲ್ಲಿ ಹನಿ ನೀರಿಲ್ಲ. ಮಗಳು ಕುದುರೆಯ ಕೊರಳು ಸವರುತ್ತ ಕೈಯನ್ನು ಬೆನ್ನ ಕಡೆ ತಂದಳು. ಕುದುರೆ ಎರಡೂ ಕಿವಿ ಹಿಂದಕ್ಕೆ ಒತ್ತಿ ಮುಖ ತಿರುಗಿಸಿತು. ಅಲ್ಲಿದ್ದ ‘ಥೆರಪಿಸ್ಟ್’ ಎಲ್ಲರೆದುರು ಹೇಳಿದ: ‘ನಿನ್ನೊಳಗ ಸಿಟ್ಟದ. ಕುದುರಿ ಸುಳ್ಳು ಹೇಳಂಗಿಲ್ಲ. ನಿಮ್ಮ ಆಯಿ ಮ್ಯಾಲಿನ ಸಿಟ್ಟು ಹೊರಗ ಬರೂತನ ಅದು ನಿನ್ನ ಹತ್ರ ಬರಂಗಿಲ್ಲ.’

ಆ ರಾತ್ರಿ ಮಗಳು ಕೇಳಿದಳು: ‘ಯವ್ವಾ, ನಾ ಸಿಟ್ಟ ಮಾಡಿದ್ದಕ್ಕೇ ಆಯಿ ಹೋದಳೇನು?’

ಆದರೂ ಮತ್ತೆ ಕರೆದುಕೊಂಡು ಹೋದೆ. ಐದನೇ ಸೆಷನ್‌ನಲ್ಲಿ ‘ಅಂಜಬ್ಯಾಡ, ಮುಟ್ಟು’ ಅಂತ ಅವಳ ಕೈ ಹಿಡಿದು ಬೆನ್ನ ಮೇಲೆ ಇಡಿಸಿದರು. ಕುದುರೆ ಗಕ್ಕನೆ ತಿರುಗಿ ಅವಳ ತೋಳು ಕಚ್ಚಿತು. ಎಳೆದಾಟದಲ್ಲಿ ಬೆನ್ನ ಮೇಲಿನ ಜರಿಬಟ್ಟೆ ಜಾರಿತು. ಕೊರಳು ಬೆನ್ನಿಗೆ ಕೂಡುವ ಜಾಗದಲ್ಲಿ ಅಂಗೈ ಅಗಲದ ಹಸಿ ಹುಣ್ಣು, ಕೀವು, ಮುತ್ತಿದ ನೊಣ. ಲಗಾಮು ಹಿಡಿದಿದ್ದ ಹುಡುಗ ತಲೆ ಎತ್ತದೆ ಹೇಳಿದ: ‘ರಾತ್ರಿ ಮದುವಿ ಮೆರವಣಿಗಿ ಇತ್ರಿ. ಒಂದೂವರಿಗಿ ಬಂದದ.’ ಆ ಮೂಕಪ್ರಾಣಿಗೆ ಬ್ಯಾನಿ ಆಗುತ್ತಿತ್ತು. ಅದರ ಬ್ಯಾನಿಯನ್ನು ನನ್ನ ಮಗಳ ಪಾಪ ಮಾಡಿ ತೋರಿಸಿದ್ದರು.

ಆಸ್ಪತ್ರೆಯಲ್ಲಿ ಗಾಯ ತೊಳೆದು ಟಿಟಿ ಇಂಜೆಕ್ಷನ್ ಕೊಟ್ಟು, ರೇಬೀಸ್ ಲಸಿಕೆಯನ್ನೂ ಶುರು ಮಾಡಿದರು.

ಕುದುರೆಯಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಮೊದಲ ದಿನ ಅದು ಮಗಳ ಅಂಗೈ ಮೇಲೆ ಬಿಸಿ ಉಸಿರು ಬಿಟ್ಟಾಗ, ತಿಂಗಳುಗಟ್ಟಲೆ ನಗದವಳು ನಕ್ಕಿದ್ದಳು. ನಾನೇ ನೋಡಿದ್ದೇನೆ. ಆದರೆ ಸರಿಯಾಗಿ ನಡೆಸುವ ಕಡೆ, ಮನಸ್ಸಿನ ಚಿಕಿತ್ಸೆ ಕಲಿತವರು ಒಬ್ಬರು, ಕುದುರೆಯನ್ನು ಬಲ್ಲವರು ಒಬ್ಬರು, ಇಬ್ಬರೂ ಮಗುವಿನ ಜೊತೆ ಇರುತ್ತಾರೆ. ಎಷ್ಟೋ ಕಡೆ ಸವಾರಿಯೇ ಇಲ್ಲ, ಮೈ ಉಜ್ಜುವುದು, ಜೊತೆಗೆ ನಡೆಸುವುದು ಇಷ್ಟೇ. ಹಿಪ್ಪೋಥೆರಪಿ ಅನ್ನುವುದು ಬೇರೆ. ಕುದುರೆಯ ನಡಿಗೆ ಸೊಂಟಕ್ಕೆ ಮನುಷ್ಯರ ನಡಿಗೆಯಂಥದ್ದೇ ಚಲನೆ ಕೊಡುವುದರಿಂದ ಫಿಸಿಯೋಥೆರಪಿಯವರು ಅದನ್ನು ಬಳಸುತ್ತಾರೆ. ಯಾವುದೂ ಗುಳಿಗೆಗೆ ಬದಲಿ ಅಲ್ಲ. ಗುಳಿಗೆ ನಿಲ್ಲಿಸಿ ಅಂದ ಕಡೆಯಿಂದ ಆ ಕ್ಷಣವೇ ಎದ್ದು ಬನ್ನಿ.

ಹಾಗೂ ಹೋಗುವುದಾದರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಪಶುವೈದ್ಯರ ಪತ್ರ ಕೇಳಿ, ಅದರಲ್ಲಿ ಗ್ಲ್ಯಾಂಡರ್ಸ್ ಪರೀಕ್ಷೆ ಆಗಿದೆಯಾ ನೋಡಿ, ಆ ರೋಗ ಕುದುರೆಯಿಂದ ಮನುಷ್ಯರಿಗೂ ಅಂಟುತ್ತದೆ. ಬೆನ್ನ ಮೇಲಿನ ಬಟ್ಟೆಯನ್ನು ಅವರ ಕೈಯಿಂದಲೇ ಎತ್ತಿಸಿ ನೋಡಿ. ರಾತ್ರಿ ಈ ಕುದುರೆ ಎಲ್ಲಿರುತ್ತದೆ ಅಂತ ಮಾಲೀಕರನ್ನಲ್ಲ, ಲಗಾಮು ಹಿಡಿಯುವ ಹುಡುಗನನ್ನು ಕೇಳಿ. ಯಾರ ಹತ್ತಿರ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಣ ಬೇಕಿಲ್ಲ.

ಮಗಳು ಮತ್ತೆ ಹಳೆಯ ವೈದ್ಯರ ಹತ್ತಿರ ಹೋಗುತ್ತಿದ್ದಾಳೆ, ಗುಳಿಗೆ ಶುರುವಾಗಿದೆ. ಹಣ ವಾಪಸ್ ಬಂದಿಲ್ಲ. ಕುದುರೆಯ ಹುಣ್ಣಿನ ಬಗ್ಗೆ ಪಶುಸಂಗೋಪನೆ ಇಲಾಖೆಗೆ ಅರ್ಜಿ ಕೊಟ್ಟಿದ್ದೇನೆ. ‘ಅದರ ಬೆನ್ನಿಗಿ ಮಲಾಮ ಹಚ್ಯಾರಂತೇನು?’ ಅಂತ ಅವಳು ಕೇಳುತ್ತಲೇ ಇರುತ್ತಾಳೆ. ಎಡಗಿವಿಯ ತುದಿ ಹರಿದ ಬಿಳಿ ಕುದುರೆ ನಿಮ್ಮ ಓಣಿಯ ಮದುವೆ ಮೆರವಣಿಗೆಯಲ್ಲಿ ಕಂಡರೆ, ಜರಿಬಟ್ಟೆ ಎತ್ತಿಸಿ ಫೋಟೊ ತೆಗೆದು ನನಗೆ ಕಳಿಸಿ, ಅರ್ಜಿಗೆ ಲಗತ್ತಿಸುತ್ತೇನೆ.