ಗೀಸರ್ ಪಾಯಿಂಟ್ ಹುಡುಕಿದ ಮೋಟರ್‌ಹೋಮ್, ಗಾದಿ ಹಾಸಿದ ಈಕೋ

ಗಾಡಿಯಲ್ಲೇ ಮಲಗಿ ಊರು ತಿರುಗಲು ಯಾವುದು ಒಳ್ಳೇದು ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮಾರುತಿಯ ವ್ಯಾನ್ ಈಕೋಗೆ. ಅದೂ ಸೆಕೆಂಡ್‌ಹ್ಯಾಂಡ್ ಈಕೋ. ಹಿಂದೆ ಪ್ಲೈವುಡ್ ಮಂಚ, ಮೇಲೆ ಹತ್ತಿ ಗಾದಿ, ಅದರ ಮೇಲೆ ಅವ್ವ ಹೊಲಿದ ಕೌದಿ. ಬಾಡಿಗೆಗೆ ದೊಡ್ಡ ಮೋಟರ್‌ಹೋಮ್, ಅಂದರೆ ಚಕ್ರದ ಮೇಲಿನ ಮನೆ, ತಂದು ಕೈ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು. ನಡುವೆ ಗೆಳೆಯನೊಬ್ಬನ ಕಾರಿನ ಮೇಲಿನ ಟೆಂಟನ್ನೂ ಒಂದು ರಾತ್ರಿ ನೋಡಿದೆವು. ನಾನು ಧಾರವಾಡದಲ್ಲಿ ಸ್ಟೇಷನರಿ ಅಂಗಡಿ ಇಟ್ಟವನು. ರಜೆ ಅಂದರೆ ಭಾನುವಾರ, ಜೊತೆಗೆ ಮೇ ತಿಂಗಳಲ್ಲಿ ನಾಲ್ಕು ದಿನ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಓದಿ.

ಮೋಟರ್‌ಹೋಮ್ ತಂದಿದ್ದು ಅಂಥ ಒಂದು ಮೇ ತಿಂಗಳಲ್ಲೇ. ನಾನು, ಹೆಂಡತಿ, ಮಗಳು, ಮಗ, ಅವ್ವ. ಡ್ರೈವರ್ ಸಮೇತ ಗಾಡಿ ಬೆಂಗಳೂರಿನಿಂದ ಬಂತು. ಅಲ್ಲಿಂದ ಇಲ್ಲಿಗೆ ನಾನೂರು ಕಿಲೋಮೀಟರ್ ಮೇಲಾಗುತ್ತದೆ. ಖಾಲಿ ಬಂದ ಡೀಸೆಲ್ಲೂ ನಮ್ಮದೇ, ಖಾಲಿ ಹೋದದ್ದೂ ನಮ್ಮದೇ. ಗದಗ, ಲಕ್ಕುಂಡಿ, ಹಂಪಿ ಅಂತ ಮೂರು ದಿನದ ಪ್ಲಾನು. ಒಳಗೆ ಮಂಚ, ಫ್ರಿಜ್, ಸಿಂಕು, ಪುಟ್ಟ ಬಚ್ಚಲು, ಒಂದೂವರೆ ಟನ್ ಎಸಿ ಎಲ್ಲ ಇತ್ತು. ಓಣಿಯ ಮಂದಿಯೆಲ್ಲ ಬಂದು ಇಣುಕಿ ಹೋದರು.

ಬುಕ್ ಮಾಡುವಾಗ ಫೋನಿನಲ್ಲಿ ನಾನು ಒಂದೇ ಪ್ರಶ್ನೆ ಕೇಳಿದ್ದೆ: ರಾತ್ರಿ ಎಸಿ ನಡೆಯುತ್ತಾ? "ರಾತ್ರಿಯಿಡೀ ನಡೆಯುತ್ತೆ ಸರ್" ಎಂದಿದ್ದರು. ಸುಳ್ಳೇನೂ ಹೇಳಲಿಲ್ಲ. ಹೊರಗಿನಿಂದ ಕರೆಂಟ್ ಕೊಟ್ಟರೆ ನಡೆಯುತ್ತೆ ಅನ್ನೋದನ್ನು ಮಾತ್ರ ಹೇಳಲಿಲ್ಲ.

ಮೊದಲ ದಿನ ಸಂಜೆವರೆಗೂ ಎಲ್ಲ ಸರಿಯಿತ್ತು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ನೋಡಿದೆವು. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಅವ್ವ ಅರ್ಧ ತಾಸು ಕೂತಳು, ಅಲ್ಲಿ ತಂಪಿತ್ತು. ಕತ್ತಲಾದ ಮೇಲೆ ಗದಗ ರಸ್ತೆಯ ಒಂದು ಢಾಬಾದ ಮುಂದೆ ಗಾಡಿ ನಿಲ್ಲಿಸಿದೆವು. ಊಟ ಮಾಡಿದೆವು, ಎಸಿ ಹಚ್ಚಿ ಮಲಗಿದೆವು. ಒಂದು ತಾಸಿಗೆ ಟುಸ್ ಅಂತ ನಿಂತಿತು.

ಆಮೇಲೆ ಲೆಕ್ಕ ಹಾಕಿದೆ. ಮಂಚದ ಕೆಳಗೆ 12 ವೋಲ್ಟಿನ, 150 ಆಂಪಿಯರ್ ಅವರ್‌ನ ಎರಡು ಬ್ಯಾಟರಿ. ಗುಣಿಸಿದರೆ 3600 ವ್ಯಾಟ್ ಅವರ್, ಅಂದರೆ ಮೂರೂವರೆ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಇಂಥ ಆಸಿಡ್ ಬ್ಯಾಟರಿ ಬಾಳಬೇಕಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಉಳಿದದ್ದು 1800. ಆ ಎಸಿ ತಾಸಿಗೆ ಹತ್ತಿರ ಹತ್ತಿರ 1500 ತಿನ್ನುತ್ತದೆ. ಐದನೇ ಕ್ಲಾಸಿನ ಗಣಿತ, ಬುಕ್ ಮಾಡುವ ಮೊದಲು ಮಾಡಲಿಲ್ಲ.

ಡ್ರೈವರ್, ಸೀಟಿನ ಹಿಂದಿನಿಂದ ಇಪ್ಪತ್ತು ಮೀಟರ್ ವೈರು ತೆಗೆದ. ತುದಿಗೆ ದಪ್ಪ ಮೂರು ಪಿನ್. ಅದು 16 ಆಂಪಿಯರ್‌ದು. ಢಾಬಾದ ಗೋಡೆಯಲ್ಲಿದ್ದದ್ದು ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್. ಒಂದು ಕನ್ವರ್ಟರ್ ಪಿನ್ ಸಿಕ್ಕಿಸಿ ಹಚ್ಚಿದ. ಎಸಿ ಒಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತೇನೋ. ಖಾಲಿಯಾದ ಬ್ಯಾಟರಿಗಳೂ ಚಾರ್ಜ್ ಎಳೆಯತೊಡಗಿದವು, ಜೊತೆಗೆ ಫ್ರಿಜ್ಜು. ಹತ್ತು ನಿಮಿಷಕ್ಕೆ ಕನ್ವರ್ಟರ್ ಬಿಸಿಯಾಗಿ ಕಂದು ಬಣ್ಣಕ್ಕೆ ತಿರುಗಿತು, ಪ್ಲಾಸ್ಟಿಕ್ ಸುಟ್ಟ ವಾಸನೆ. ಅಷ್ಟರಲ್ಲಿ ಢಾಬಾ ಪೂರ್ತಿ ಕತ್ತಲು. ಮಾಲೀಕರು ಟಾರ್ಚ್ ಹಿಡಿದು ಬಂದರು. "ಸಾಹೇಬ್ರ, ಊಟಾ ಮಾಡ್ರಿ, ಇಲ್ಲೇ ಮಲಗ್ರಿ, ಬೇಕಾದ್ರ ನಮ್ಮ ಹೊರಸೂ ತಗೋರಿ. ಕರೆಂಟ್ ಒಂದ್ ಕೇಳಬ್ಯಾಡ್ರಿ."

ರಾತ್ರಿ ಹನ್ನೊಂದಕ್ಕೆ ಗದಗಿಗೆ ಹೋಗಿ ಲಾಡ್ಜ್ ಹುಡುಕಿದೆವು. ಗೀಸರ್ ಇರುವ ರೂಮಿನ ಬಚ್ಚಲಲ್ಲಿ 16 ಆಂಪಿಯರ್ ಪಾಯಿಂಟ್ ಇದ್ದೇ ಇರುತ್ತೆ ಅಂತ ಹೊಳೆದದ್ದು ಮಗಳಿಗೆ. ಕೌಂಟರಿನಲ್ಲಿದ್ದವರು ಕೇಳಿದರು, "ರೂಮ್ ಎಷ್ಟು ಮಂದಿಗ್ರಿ?" ಮಂದಿಗಲ್ಲ, ಗಾಡಿಗೆ ಅಂದೆ. ಅವರು ನಗಲಿಲ್ಲ. 900 ರೂಪಾಯಿ, ಆಧಾರ್ ಝೆರಾಕ್ಸ್.

ಮೊದಲ ಮಹಡಿಯ ಬಚ್ಚಲಿನ ಕಿಂಡಿಯಿಂದ ವೈರು ಕೆಳಗೆ ಬಿಟ್ಟೆವು. ಮೂರು ಮೀಟರ್ ಕಡಿಮೆ ಬಿತ್ತು. ಗಾಡಿಯನ್ನು ಗೋಡೆಗೆ ಹತ್ತಿಸಿ ನಿಲ್ಲಿಸಬೇಕಾಯಿತು, ಅದಕ್ಕಾಗಿ ವಾಚ್‌ಮನ್ ಏಳು ಸ್ಕೂಟರ್ ಎತ್ತಿಟ್ಟ. ವೈರು ತೆಳುವು, ಮೇಲಾಗಿ ರಾತ್ರಿ ವೋಲ್ಟೇಜೂ ಇಳಿದಿತ್ತು. ಕಂಪ್ರೆಸರ್ ಕಟ್ ಅಂತ ಶುರುವಾಗೋದು, ಕಟ್ ಅಂತ ನಿಲ್ಲೋದು. ಬಚ್ಚಲಿಗೆ ಅಂತ ಮೇಲೆ ಹೋದ ಅವ್ವ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ರೂಮಿನ ಮಂಚದ ಮೇಲೆ ಫ್ಯಾನಿನ ಕೆಳಗೆ ಗೊರಕೆ. ಒಂದು ಗಂಟೆಗೆ ಮಕ್ಕಳೂ ಹೋದರು, ಅವರ ಹಿಂದೆ ಹೆಂಡತಿಯೂ. ದಿನಕ್ಕೆ 14 ಸಾವಿರದ ಗಾಡಿಯಲ್ಲಿ ಉಳಿದವರು ನಾನು ಮತ್ತು ಡ್ರೈವರ್.

ಬೆಳಿಗ್ಗೆ ಚಹಾ ಕುಡಿಯುತ್ತ ಅವ್ವ ಹೇಳಿದಳು, "ನಾವು ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಚಕ್ಕಡಿ ಕಟ್ಟಿಕೊಂಡು ಹೋಗ್ತಿದ್ವಿ. ಅಲ್ಲೇ ಒಲಿ ಹೂಡೋದು, ಚಕ್ಕಡಿ ಕೆಳಗ ಮಲಗೋದು. ಅದಕ್ಕ ಪಿನ್ ಬೇಕಾಗ್ತಿರಲಿಲ್ಲ ನೋಡಪಾ." ಈ ಮಾತು ಮನೆಯಲ್ಲಿ ಇನ್ನೂ ನಡೆಯುತ್ತಿದೆ.

ಇನ್ನು ಎಲ್ಲರೂ ಪಿಸುಮಾತಲ್ಲಿ ಕೇಳುವ ಪ್ರಶ್ನೆ, ಸಂಡಾಸು. ಕೆಳಗೆ ಇಪ್ಪತ್ತು ಲೀಟರಿನಷ್ಟು ಹಿಡಿಯುವ ಡಬ್ಬಿ ಇರುತ್ತದೆ, ಎಳೆದು ತೆಗೆದು ಖಾಲಿ ಮಾಡಬೇಕು. ಐದು ಜನರಿಗೆ ಒಂದು ದಿನಕ್ಕೆ ತುಂಬುತ್ತೆ. ಬೇರೆ ದೇಶಗಳಲ್ಲಿ ಅದನ್ನು ಸುರಿಯಲಿಕ್ಕೆಂದೇ ಜಾಗ ಮಾಡಿರುತ್ತಾರೆ, ನಮ್ಮ ದಾರಿಯಲ್ಲಿ ಒಂದೂ ಸಿಗಲಿಲ್ಲ. "ಅದು ನನ್ನ ಕೆಲಸ ಅಲ್ಲ ಸರ್" ಎಂದ ಡ್ರೈವರ್. ಸರಿಯಾಗೇ ಹೇಳಿದ. ಆ ಡಬ್ಬಿ ಹಿಡಿದು ಲಾಡ್ಜಿನ ಮೆಟ್ಟಿಲು ಹತ್ತಿದವನು ನಾನೇ. ಎರಡನೇ ದಿನದಿಂದ ಸಂಡಾಸಿಗೆ ಬೀಗ.

ಆದರೂ ನ್ಯಾಯ ಹೇಳಬೇಕಲ್ವಾ. ಗಾಡಿ ಓಡುವಾಗ ಮಕ್ಕಳು ಟೇಬಲ್ಲಿನ ಮೇಲೆ ಇಸ್ಪೀಟು ಆಡಿದರು. ಮಂಡಿನೋವಿನ ಅವ್ವ ಕಾಲು ಚಾಚಿ ಕೂತು ಬಂದಳು, ಕಾರಿನಲ್ಲಿ ಅದು ಸಾಧ್ಯವಿಲ್ಲ. ಹೊಸಪೇಟೆ ಹತ್ತಿರ ಅರ್ಧ ತಾಸು ಗುಡುಗು ಮಳೆ ಹೊಡೆದಾಗ ನಾವು ಒಳಗೆ ಕೂತು ಗಿರ್ಮಿಟ್ ಕಲಸಿ ತಿಂದೆವು. ಆ ಅರ್ಧ ತಾಸಿನ ಮಟ್ಟಿಗೆ ಈಕೋ ಅದರ ಹತ್ತಿರವೂ ಬರುವುದಿಲ್ಲ.

ಕಾರಿನ ಮೇಲಿನ ಟೆಂಟ್ ಬಗ್ಗೆ ಬೇಗ ಮುಗಿಸುತ್ತೇನೆ. ಟೆಂಟೇ 60 ಕೆಜಿ. ಕಾರಿನ ಟಾಪ್ ಎಷ್ಟು ಭಾರ ತಡೆಯುತ್ತೆ ಅಂತ ಮೊದಲು ಕಾರಿನ ಪುಸ್ತಕ ನೋಡಿ. ನಾವು ಮಲಗಿದ್ದು ಡಂಬಳದ ಕಡೆ, ಕಪ್ಪತಗುಡ್ಡ ಕಾಣುವ ಒಂದು ಹೊಲದಲ್ಲಿ. ಗುಡ್ಡದ ಸಾಲಿನ ಮೇಲೆ ಅಷ್ಟೊಂದು ಗಾಳಿಯಂತ್ರ ತಿರುಗುತ್ತಿದ್ದವು. ಅವುಗಳನ್ನು ಅಲ್ಲಿ ಸುಮ್ನೆ ನಿಲ್ಲಿಸಿಲ್ಲ ಅಂತ ಅರ್ಥವಾದದ್ದು ರಾತ್ರಿ ಎರಡಕ್ಕೆ. ಬಟ್ಟೆ ಪಟಪಟ ಬಡಿದು ಒಂದು ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಹಾಲು ತರಬೇಕೆಂದರೆ ಟೆಂಟ್ ಮಡಚಿ ಕಟ್ಟಬೇಕು. ಏಣಿ ಇಳಿಯುತ್ತ ಹೆಂಡತಿ ಅಂದಳು, "ಇದು ಗುಬ್ಬಿಗೂಡು, ನನಗ ಬ್ಯಾಡ." ಮುಗಿಯಿತು.

ಈಗ ಈಕೋ. ಮೂರು ಲಕ್ಷ ಅರವತ್ತು ಸಾವಿರಕ್ಕೆ ಸಿಕ್ಕ ಐದು ಸೀಟಿನ ಪೆಟ್ರೋಲ್ ಗಾಡಿ. ಸಿಎನ್‌ಜಿ ಬೇಡ ಅಂದದ್ದು ಹಿಂದೆ ಸಿಲಿಂಡರ್ ಜಾಗ ತಿನ್ನುತ್ತದೆ ಅಂತ. ವಾರವಿಡೀ ಅದು ನೋಟ್‌ಬುಕ್ ಬಂಡಲ್ ಹೊರುತ್ತದೆ. ಶನಿವಾರ ಅಂಗಡಿ ಬಾಗಿಲು ಹಾಕಿದ ಮೇಲೆ ಮನೆ ಆಗುತ್ತದೆ.

ಮಂಚ ಮಾಡಿದ್ದು ಹಳೇ ಹುಬ್ಬಳ್ಳಿಯ ಒಬ್ಬ ವೆಲ್ಡಿಂಗ್‌ನವರು. ಚೌಕ ಪೈಪಿನ ಫ್ರೇಮು, ಮೇಲೆ ಮೂರು ತುಂಡು ಪ್ಲೈವುಡ್, ಕೆಳಗೆ ಸಾಮಾನಿಗೆ ಜಾಗ. ಹಿಂದಿನ ಸೀಟು ಬಿಚ್ಚಿ ಮನೆಯಲ್ಲಿಡುತ್ತೇವೆ. ಬಾಡಿ ಕೊರೆದಿಲ್ಲ, ಟಾಪ್ ಎತ್ತಿಲ್ಲ. ಪೂರ್ತಿ ಕ್ಯಾರವ್ಯಾನ್ ಮಾಡಿಸುವ ಹುಚ್ಚಿರುವವರು ಮೊದಲು ಆರ್‌ಟಿಓ ಮೆಟ್ಟಿಲು ಹತ್ತಿ ಬನ್ನಿ. ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ.

ಗಾದಿ ಮಾತ್ರ ಹತ್ತಿದೇ ಇರಲಿ. ಮೊದಲು ಫೋಮ್ ಹಾಕಿ ನೋಡಿದೆ, ಬೆನ್ನು ಬೆವರಿ ಒದ್ದೆ. ಗಾದಿ ಹೊಲಿಯುವವರ ಹತ್ತಿರ ಮಂಚದ ಅಳತೆ ಕೊಟ್ಟರೆ ಮೂರು ಮಡಿಕೆಯಾಗುವಂತೆ ಹೊಲಿದುಕೊಡುತ್ತಾರೆ. ಹಗಲು ಮಡಚಿದರೆ ಅದೇ ಸೋಫಾ.

ಮೊದಲ ರಾತ್ರಿ ನಾವೂ ತಪ್ಪು ಮಾಡಿದೆವು. ಡಿಸೆಂಬರ್ ಚಳಿ ಅಂತ ನಾಲ್ಕೂ ಗಾಜು ಮುಚ್ಚಿ ಮಲಗಿದೆವು. ಬೆಳಿಗ್ಗೆ ಒಳಗಿನಿಂದ ಗಾಜಿನ ಮೇಲೆ ನೀರು ಧಾರೆಧಾರೆ ಇಳಿಯುತ್ತಿತ್ತು, ಕೌದಿಯ ಅಂಚು ಹಸಿ. ಇಬ್ಬರ ಉಸಿರಿನ ತೇವವೇ ಅಷ್ಟು. ಈಗ ಎಂಥ ಚಳಿ ಇದ್ದರೂ ಎರಡೂ ಕಡೆ ಎರಡು ಬೆರಳು ಗಾಜು ತೆರೆದಿರುತ್ತದೆ. ಸೊಳ್ಳೆ ಪರದೆಯ ಅಂಚಿಗೆ ಸಣ್ಣ ಮ್ಯಾಗ್ನೆಟ್ ಇಟ್ಟು ಹೊಲಿದವಳು ಹೆಂಡತಿ. ಬಾಗಿಲ ಚೌಕಟ್ಟಿಗೆ ಟಕ್ ಅಂತ ಕೂರುತ್ತದೆ.

ಕರೆಂಟ್? 12 ವೋಲ್ಟಿನ ಫ್ಯಾನು, 15 ವ್ಯಾಟ್. ರಾತ್ರಿ ಎಂಟು ತಾಸಿಗೆ 120 ವ್ಯಾಟ್ ಅವರ್. ಐವತ್ತು ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿ ಒಂದಿದೆ, ಮೂರು ರಾತ್ರಿ ಆರಾಮ. ಮನೆಯಲ್ಲೇ ಚಾರ್ಜ್ ಮಾಡಿ ಹೊರಡುವುದು, ಯಾರ ಗೋಡೆಯನ್ನೂ ನೋಡುವುದಿಲ್ಲ. ಹಾಗಂತ ಮೇ ತಿಂಗಳಲ್ಲಿ ಬಯಲುಸೀಮೆಗೆ ಹೋಗುವುದೂ ಇಲ್ಲ. ಈಕೋದ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಬೇಸಿಗೆಯಲ್ಲಿ ತಾಸೆರಡು ತಾಸು ಓಡಿಸಿದರೆ ಕುಂಡೆ ರೊಟ್ಟಿಯಂತೆ ಬೇಯುತ್ತದೆ. ನಮ್ಮ ತಿರುಗಾಟ ನವೆಂಬರಿನಿಂದ ಫೆಬ್ರವರಿಗೆ ಮುಗಿಯುತ್ತದೆ.

ಸಂಡಾಸಿಗೆ ಪೆಟ್ರೋಲ್ ಬಂಕು. ರಾತ್ರಿ ನಿಲ್ಲುವುದೂ ಅಲ್ಲೇ, ಲಾರಿಗಳ ಪಕ್ಕ. ಪೆಟ್ರೋಲ್ ಹಾಕಿಸಿ, ಮ್ಯಾನೇಜರ್‌ಗೆ ಹೇಳಿ ಮಲಗಿದರೆ ಯಾರೂ ಬೇಡ ಅನ್ನುವುದಿಲ್ಲ. ಯಾವ ಬಂಕಿನ ಸಂಡಾಸು ತೊಳೆದಿರುತ್ತೆ ಅಂತ ಹೆಂಡತಿಯ ಹತ್ತಿರ ಒಂದು ಪಟ್ಟಿಯಿದೆ. ನಮ್ಮ ಪ್ರವಾಸದ ದಾರಿ ಠರಾವಾಗುವುದು ಆ ಪಟ್ಟಿಯ ಮೇಲೆ.

ಅಡುಗೆ ಒಳಗೆ ಮಾಡಲೇ ಬೇಡಿ, ಗಾಳಿಯಾಡದ ಜಾಗದಲ್ಲಿ ಒಲೆಯ ಹೊಗೆ ಜೀವಕ್ಕೇ ಕುತ್ತು. ಹೊರಗೆ ಕಲ್ಲಿನ ಮರೆಯಲ್ಲಿ ಸಣ್ಣ ಗ್ಯಾಸ್ ಒಲೆ, ಅದರಲ್ಲಿ ಚಹಾ ಮಾತ್ರ. ಊಟಕ್ಕೆ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ದಾರಿಯಲ್ಲಿ ಕೊಂಡ ಗಡಿಗೆ ಮೊಸರು. ಕಡಕ್ ರೊಟ್ಟಿ ವಾರ ಇಟ್ಟರೂ ಕೆಡದು. ಫ್ರಿಜ್ ಯಾಕೆ ಬೇಕು?

ಕಳೆದ ಜನವರಿಯಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋದೆವು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ. ರಾತ್ರಿ ಬಂಕಿನಲ್ಲಿ ಮಲಗಿ, ಐದಕ್ಕೆ ಎದ್ದು ಕೆರೆ ಕಾಣುವ ರಸ್ತೆಯ ಬದಿಗೆ ಬಂದು ನಿಂತೆವು. ಪಕ್ಕದ ಬಾಗಿಲು ಸರಿಸಿ, ಗಾದಿಯ ಮೇಲೆ ಕೌದಿ ಹೊದ್ದು ಕೂತೆವು. ಕೈಯಲ್ಲಿ ಚಹಾ. ಮೊದಲು ಗಲಗಲ ಸದ್ದು. ಆಮೇಲೆ ಪಟ್ಟೆತಲೆ ಹೆಬ್ಬಾತುಗಳು ಹಿಂಡು ಹಿಂಡಾಗಿ ಎದ್ದು ತಲೆಯ ಮೇಲೇ ಹಾದು ಹೊಲಗಳ ಕಡೆ ಹೋದವು, ರೆಕ್ಕೆಯ ಸದ್ದು ಕೇಳಿಸುವಷ್ಟು ಕೆಳಗೆ. ಹಿಮಾಲಯ ದಾಟಿ ಬಂದ ಹಕ್ಕಿಗಳು ಅವು. ಹೆಂಡತಿ ಚಹಾ ಕುಡಿಯುವುದನ್ನೇ ಮರೆತಿದ್ದಳು. ಲಾಡ್ಜಿನಿಂದ ಎದ್ದು ಬರುವವರಾಗಿದ್ದರೆ ನಾವು ಏಳಕ್ಕೆ ಬರುತ್ತಿದ್ದೆವು, ಖಾಲಿ ನೀರು ನೋಡುತ್ತಿದ್ದೆವು.

ಖರ್ಚು ಹೇಳಿ ಮುಗಿಸುತ್ತೇನೆ. ಮೋಟರ್‌ಹೋಮಿನ ಮೂರು ದಿನಕ್ಕೆ ಬಾಡಿಗೆ 42 ಸಾವಿರ. ಡೀಸೆಲ್, ಡ್ರೈವರ್ ಭತ್ತೆ, ಟೋಲು, ಲಾಡ್ಜು ಸೇರಿ 68 ಸಾವಿರ ದಾಟಿತು. ಈಕೋದೊಳಗಿನ ಮಂಚ, ಗಾದಿ, ಬ್ಯಾಟರಿ, ಫ್ಯಾನು ಎಲ್ಲ ಸೇರಿ 34 ಸಾವಿರ. ಗಾಡಿ ಹೇಗೂ ಅಂಗಡಿಗೆ ಬೇಕಿತ್ತು. ಮೈಲೇಜು 15ರ ಆಸುಪಾಸು. ಒಳಗೆ ನಿಲ್ಲಲಾಗುವುದಿಲ್ಲ, ಪ್ಯಾಂಟು ಮಲಗಿಕೊಂಡೇ ಹಾಕಬೇಕು. ಮಳೆಗಾಲಕ್ಕೆ ಪ್ರಯೋಜನವಿಲ್ಲ, ಇಬ್ಬರಿಗಿಂತ ಜಾಸ್ತಿ ಜನರಿಗೆ ಆಗುವುದೇ ಇಲ್ಲ. ಮನೆಮಂದಿಯೆಲ್ಲ ಹೊರಡುವುದಾದರೆ ಈಗಲೂ ಮೋಟರ್‌ಹೋಮ್ ತಂದೇನು, ಆದರೆ ಮಲಗುವ ಊರಿನ ಗೀಸರ್ ಪಾಯಿಂಟ್ ಯಾವ ಮಹಡಿಯಲ್ಲಿದೆ ಅಂತ ಮೊದಲು ಕೇಳಿಕೊಂಡು.

ಈಕೋದ ವಿಷಯದಲ್ಲಿ ಸದ್ಯ ಒಂದು ತಕರಾರು ಬಾಕಿಯಿದೆ. ಬಿಚ್ಚಿದ ಹಿಂದಿನ ಸೀಟು ಪಡಸಾಲೆಯಲ್ಲಿದೆ. ಅದರ ಮೇಲೆ ಕೂತು ಶೇಂಗಾ ಸುಲಿಯುವುದು ಅವ್ವನಿಗೆ ರೂಢಿಯಾಗಿಬಿಟ್ಟಿದೆ. ಗಾಡಿಗೆ ವಾಪಸ್ ಕೂರಿಸಬೇಕು ಅಂದರೆ, "ನಿನಗ ಗಾದಿ ಐತಲ್ಲ" ಅನ್ನುತ್ತಾಳೆ.