ಬಿ.ಎಚ್. ರಸ್ತೆಯ ಕೋಚಿಂಗ್ ಕೇಂದ್ರದ ವಿಶ್ವ ಇತಿಹಾಸ: ತರಗತಿ ಸೊಗಸು, ನೋಟ್ಸ್ ಸಪ್ಪೆ

ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ತಯಾರಿಗೆಂದು ತುಮಕೂರಿನ ಬಿ.ಎಚ್. ರಸ್ತೆಯ ಕೋಚಿಂಗ್ ಕೇಂದ್ರವೊಂದರ ಭಾನುವಾರದ ವಿಶ್ವ ಇತಿಹಾಸ ತರಗತಿಗೆ ನಾಲ್ಕು ತಿಂಗಳು ಹೋಗಿದ್ದೆ. ಶಿರಾ, ಮಧುಗಿರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರೇ ಅಲ್ಲಿ ಹೆಚ್ಚು. ಕೊಠಡಿಯ ಬಗ್ಗೆ ದೂರಿಲ್ಲ. ದೂರಿರುವುದು ಪ್ರತ್ಯೇಕವಾಗಿ ಹಣ ಪಡೆದು ಕೊಡುವ ಮುದ್ರಿತ ನೋಟ್ಸ್ ಬಗ್ಗೆ.

ಆಫ್ರಿಕಾದಲ್ಲಿ ಪೋರ್ಚುಗಲ್ ನಡೆಸಿದ ವಸಾಹತು ಯುದ್ಧಗಳನ್ನು ಅಮೆರಿಕ ವಿರೋಧಿಸಿತು ಎಂದು ನೋಟ್ಸ್ ಒಂದೇ ಸಾಲಿನಲ್ಲಿ ಮುಗಿಸುತ್ತದೆ. 1961ರ ಮಾರ್ಚ್ 15ರ ಮಟ್ಟಿಗೆ ಇದು ನಿಜ: ಪೋರ್ಚುಗಲ್‌ನ ವಸಾಹತಾಗಿದ್ದ ಅಂಗೋಲಾ ಕುರಿತ ನಿರ್ಣಯಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಅಮೆರಿಕವು ಸೋವಿಯತ್ ಒಕ್ಕೂಟದ ಜೊತೆಗೇ ಪರವಾಗಿ ಮತ ಹಾಕಿತು, ಬ್ರಿಟನ್ ಮತ್ತು ಫ್ರಾನ್ಸ್ ತಟಸ್ಥವಾಗಿ ಉಳಿದವು, ಐದೇ ಮತ ಬಿದ್ದು ನಿರ್ಣಯ ಸೋತಿತು. ಆದರೆ ಪೋರ್ಚುಗಲ್, ಅಮೆರಿಕವೂ ಇರುವ ನ್ಯಾಟೋ ಸೈನಿಕ ಕೂಟದ ಸ್ಥಾಪಕ ಸದಸ್ಯ ರಾಷ್ಟ್ರ; ಅದರ ಅಜೋರ್ಸ್ ದ್ವೀಪಗಳಲ್ಲಿದ್ದ ಲಾಜೆಸ್ ವಾಯುನೆಲೆಯನ್ನು ಅಮೆರಿಕ ಬಳಸಲು ಮಾಡಿಕೊಂಡಿದ್ದ ಒಪ್ಪಂದ 1962ರ ಕೊನೆಗೆ ಮುಗಿಯುವುದಿತ್ತು. ಪೋರ್ಚುಗಲ್‌ನ ಪ್ರಧಾನಿ ಸಲಜಾರ್ ಅದನ್ನು ನವೀಕರಿಸದೆ, ಬಳಕೆಗೆ ಮಾತ್ರ ಅವಕಾಶ ಕೊಟ್ಟು ತೂಗುಯ್ಯಾಲೆಯಲ್ಲಿಟ್ಟರು. ನೆಲೆ ಕೈತಪ್ಪೀತೆಂದು ಅಮೆರಿಕದ ಕೆನಡಿ ಸರ್ಕಾರದ ದನಿ ಮೆತ್ತಗಾಯಿತು. 1973ರ ಅಕ್ಟೋಬರ್‌ನಲ್ಲಿ ಇಸ್ರೇಲ್‌ಗೆ ಶಸ್ತ್ರಾಸ್ತ್ರ ಒಯ್ದ ಅಮೆರಿಕದ ವಿಮಾನಗಳು ಇಳಿದದ್ದೂ ಇದೇ ನೆಲೆಯಲ್ಲಿ.

ಇದಿಷ್ಟನ್ನೂ ನಮ್ಮ ಮೇಷ್ಟ್ರು ಗೋಡೆಯ ಭೂಪಟದ ಮುಂದೆ ನಿಂತು ಮುಕ್ಕಾಲು ಗಂಟೆ ಬಿಡಿಸಿ ಹೇಳಿದರು. ನಮಗೆ ಹತ್ತಿರದ ಗೋವಾವನ್ನೂ ಅವರು ಮರೆಯಲಿಲ್ಲ. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗೋವಾ ಪ್ರವೇಶಿಸಿದಾಗ ಭದ್ರತಾ ಮಂಡಳಿಯಲ್ಲಿ ನಮ್ಮನ್ನು ಕಟುವಾಗಿ ಟೀಕಿಸಿದ ಅಡ್ಲಾಯ್ ಸ್ಟೀವನ್ಸನ್, ಒಂಬತ್ತು ತಿಂಗಳ ಹಿಂದೆ ಅಂಗೋಲಾ ವಿಷಯದಲ್ಲಿ ಪೋರ್ಚುಗಲ್ ವಿರುದ್ಧ ಕೈಯೆತ್ತಿದ್ದ ಅದೇ ಅಮೆರಿಕದ ಪ್ರತಿನಿಧಿ ಎಂದಾಗ ಹಿಂದಿನ ಬೆಂಚಿನವರೂ ಪೆನ್ನು ತೆಗೆದರು. (ಸೋವಿಯತ್ ವೀಟೊ ಇಲ್ಲದಿದ್ದರೆ ನಮಗೂ ಕಷ್ಟವಿತ್ತು.) ನೋಟ್ಸ್‌ನಲ್ಲಾದರೋ ಗೋವಾ ಬೇರೆಯೇ ಪುಸ್ತಿಕೆಯಲ್ಲಿದೆ, ಎರಡಕ್ಕೂ ನಂಟೇ ಇಲ್ಲ.

ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು: ಅಂಗೋಲಾ, ಮೊಜಾಂಬಿಕ್ ಎರಡಕ್ಕೂ 1974ರಲ್ಲೇ ಸ್ವಾತಂತ್ರ್ಯ ಬಂತೆಂದು ಬರೆದಿದ್ದಾರೆ. ಆ ವರ್ಷದ ಏಪ್ರಿಲ್ 25ರಂದು ಆದದ್ದು ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ನ ಸೈನಿಕ ದಂಗೆ. ಸ್ವಾತಂತ್ರ್ಯ ಬಂದದ್ದು 1975ರಲ್ಲಿ. ಕಚೇರಿಯಲ್ಲಿ ತಿಳಿಸಿದರೆ, ಮುಂದಿನ ಬ್ಯಾಚಿಗೆ ತಿದ್ದುತ್ತೇವೆ ಎಂದರು.

ತರಗತಿಗೆ ಶುಲ್ಕ ಕಟ್ಟಬಹುದು. ಪಾವಗಡದಂಥ ದೂರದ ಊರಿನಲ್ಲಿದ್ದು ನೋಟ್ಸ್ ಮಾತ್ರ ಅಂಚೆಯಲ್ಲಿ ತರಿಸಿಕೊಳ್ಳುವ ಯೋಚನೆಯಿರುವವರು ಆ ಹಣವನ್ನು ಬಸ್ ಚಾರ್ಜಿಗೆ ಇಟ್ಟುಕೊಳ್ಳುವುದು ಲೇಸು.